ಗಂಗವ್ವನ ಎಳೆ

ಬ್ಯಾಡಗಿಯ ಡಾಕಪ್ಪನಿಗೆ ನೆಲದ ಮೇಲೆ ನಡೆಯುವುದಕ್ಕಿಂತ ನೆಲದೊಳಗೆ ಇಳಿಯುವುದೇ ಸಲೀಸು. ಮೇಲೆ ನಡೆದರೆ ಎಡಗಾಲು ಎಳೆಯುತ್ತದೆ, ನಾಲ್ಕು ಜನರ ಮುಂದೆ ಮಾತು ತಡವರಿಸುತ್ತದೆ. ಸೊಂಟಕ್ಕೆ ಹಗ್ಗ ಬಿಗಿದು ಬಾವಿಗೆ ಇಳಿಸಿಬಿಟ್ಟರೆ ಮಾತ್ರ ಅರವತ್ತರ ಹತ್ತಿರದ ಆ ಮನುಷ್ಯ ಬೇರೆಯೇ ಆಗುತ್ತಾನೆ. ಯಾವ ಕಲ್ಲಿಗೆ ಕಾಲು ಕೊಡಬೇಕು, ಯಾವ ಸಂದಿಯಲ್ಲಿ ಹಾವು ಮಲಗಿರುತ್ತದೆ, ಸೆಲೆ ಯಾವ ಮೂಲೆಯಿಂದ ಉಕ್ಕುತ್ತದೆ ಎನ್ನುವುದೆಲ್ಲ ಅವನ ಅಂಗಾಲಿಗೇ ಗೊತ್ತು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಕುಡಿಯುವ ನೀರಿನ ಬಾವಿಗಳು ಎಲ್ಲೆಲ್ಲಿದ್ದವು ಎಂದು ತಿಳಿಯಬೇಕಾದರೆ ಅವನನ್ನೇ ಕೇಳಬೇಕು. ಇದ್ದವು ಎಂದೆ, ಯಾಕೆಂದರೆ ಬೋರು ಬಂದ ಮೇಲೆ ಅವುಗಳಲ್ಲಿ ಅರ್ಧ ಕಸದ ಗುಂಡಿಗಳಾಗಿವೆ. ಬಾವಿಯ ನೀರು ಕುಡಿದು ಬೆಳೆದ ಜನವೇ ಈಗ ಅದರೊಳಗೆ ಪ್ಲಾಸ್ಟಿಕ್ ಚೀಲ ಒಗೆದು ಮೂಗು ಮುಚ್ಚಿಕೊಂಡು ಹೋಗುತ್ತಾರೆ.

ಬಾವಿ ತೊಳೆಯುವುದನ್ನು ಡಾಕಪ್ಪನಿಗೆ ಕಲಿಸಿದವನು ಅವನ ಅಪ್ಪ ಹನುಮಪ್ಪ. ಹದಿನಾರನೆಯ ವಯಸ್ಸಿನಲ್ಲಿ ಮೊದಲ ಸಲ ಇಳಿದಾಗ ಸೆಲೆಯ ಬಾಯಲ್ಲಿ ಏನೋ ಮಿಸುಕಿತು. ಬೆರಳುದ್ದದ, ನೂಲಿನಷ್ಟು ಸಣ್ಣ ಜೀವ. ತೊಗಲು ಎಷ್ಟು ತೆಳುವೆಂದರೆ ಒಳಗಿನ ರಕ್ತ ಹೊರಗೇ ಕಾಣುತ್ತಿತ್ತು. ಕಣ್ಣು ಇರಬೇಕಾದಲ್ಲಿ ಏನೂ ಇರಲಿಲ್ಲ. ಅವನು ಗಾಬರಿಯಿಂದ ಕೂಗಿದ. ಮೇಲೆ ಹಗ್ಗ ಹಿಡಿದಿದ್ದ ಹನುಮಪ್ಪ ಬಾವಿಯೊಳಗೆ ಬಗ್ಗಿ ಮೆಲ್ಲಗೆ ಹೇಳಿದ.

"ಚೀರಬ್ಯಾಡ. ಅದು ಗಂಗವ್ವನ ಎಳಿ. ಅದು ನಮ್ಮನ್ನ ನೋಡಂಗಿಲ್ಲ, ನಾವೂ ಅದನ್ನ ನೋಡಬಾರದು. ಒಂದು ಬೊಗಸಿ ನೀರು ಕಣ್ಣಿಗೆ ಹಚ್ಗೊಂಡು, ನಾ ನೋಡಿಲ್ಲ ತಾಯಿ ಅನ್ನು."

ಡಾಕಪ್ಪ ಹಾಗೆಯೇ ಅಂದ. ಅಂದಿನಿಂದ ಪ್ರತಿ ಬಾವಿಯಲ್ಲೂ ಅದೇ ನೇಮ. ಇಳಿಯಬೇಕು, ಕಣ್ಣಿಗೆ ನೀರು ಹಚ್ಚಿಕೊಳ್ಳಬೇಕು, ನಾ ನೋಡಿಲ್ಲ ತಾಯಿ ಎನ್ನಬೇಕು, ಮೇಲೆ ಬಂದು ಯಾರಿಗೂ ಬಾಯಿ ಬಿಡಬಾರದು. ಬಾವಿಗೆ ಇಳಿಯುವ ಮನೆತನಗಳಲ್ಲೂ ಒಬ್ಬರಿಗೊಬ್ಬರು ಹೇಳಿಕೊಳ್ಳುವಂತಿರಲಿಲ್ಲ. ದೇವರ ಎಳೆ ಇದ್ದಷ್ಟು ದಿನ ಸೆಲೆ ಬತ್ತುವುದಿಲ್ಲ ಎಂಬ ನಂಬಿಕೆ. ನಂಬಿಕೆ ದೊಡ್ಡದು, ಆದರೆ ಬಾಯಿಗೆ ಬೀಗ ಹಾಕಿಕೊಂಡ ಜನಕ್ಕೆ ಯಾವ ಬಾವಿಯಲ್ಲಿ ಎಷ್ಟಿವೆ, ಯಾವುದರಲ್ಲಿ ಇಲ್ಲ ಎನ್ನುವ ಲೆಕ್ಕ ಹೇಗೆ ತಿಳಿಯಬೇಕು?

ಗುಟ್ಟು ರಟ್ಟಾದದ್ದು ಮೂರು ವರ್ಷದ ಹಿಂದೆ, ಹೆದ್ದಾರಿಯಿಂದ ಬ್ಯಾಡಗಿಗೆ ತಿರುಗುವ ಕ್ರಾಸಿನಲ್ಲಿರುವ ಬೇವಿನಕಟ್ಟಿ ಬಾವಿಯಲ್ಲಿ. ಪಕ್ಕದಲ್ಲೇ ಅನೀಸನ ಪಂಕ್ಚರ್ ಅಂಗಡಿ. ಗಾಡಿ ತೊಳೆಯಲು ಅವನು ಬಾವಿಗೆ ಸಣ್ಣ ಮೋಟರು ಇಳಿಬಿಟ್ಟಿದ್ದ. ಒಂದು ದಿನ ಮೋಟರಿನ ಜಾಲರಿಗೆ ಅರ್ಧ ತುಂಡಾದ ಎಳೆ ಸಿಕ್ಕಿಕೊಂಡು ಬಂತು. ಅನೀಸ ಬಾವಿಗೆ ಇಳಿಯುವ ಮನೆತನದವನಲ್ಲ, ಅವನಿಗೆ ನೇಮವೂ ಇಲ್ಲ. ಫೋಟೊ ಹೊಡೆದು ವಾಟ್ಸ್‌ಆ್ಯಪಿಗೆ ಹಾಕಿದ. ಆ ಫೋಟೊ ಊರೂರು ಸುತ್ತಿ ಹಾವೇರಿಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಭುವನಾಳ ಕೈಗೆ ಬಂತು. ಮರುದಿನವೇ ಅವಳು ಬಸ್ಸು ಹತ್ತಿ ಕ್ರಾಸಿಗೆ ಬಂದಿಳಿದಳು.

ಅನೀಸ ಡಾಕಪ್ಪನ ಕಡೆ ಬೆರಳು ತೋರಿಸಿದ. ಡಾಕಪ್ಪ ಮುಖ ಅತ್ತ ತಿರುಗಿಸಿ, "ನಾ ನೋಡಿಲ್ರಿ ಅಕ್ಕಾರ" ಎಂದ. ಎರಡನೆಯ ಸಲ ಬಂದಾಗಲೂ ಅದೇ ಮಾತು, ಮೂರನೆಯ ಸಲವೂ ಅದೇ. ಅವಳು ಸಿಟ್ಟಾಗಲಿಲ್ಲ. ಆ ಅರ್ಧ ತುಂಡಿನ ಚಿತ್ರವನ್ನು ದೊಡ್ಡ ದೊಡ್ಡ ಪಂಡಿತರಿಗೆ ಕಳಿಸಿದ್ದಳು. ಮೀನಿನ ಜಾತಿ, ಇಂಥದ್ದು ಯಾವ ಪುಸ್ತಕದಲ್ಲೂ ಇಲ್ಲ, ಆದರೆ ಅರ್ಧ ದೇಹದಿಂದ ಹೊಸದೆಂದು ಹೇಳಲಾಗದು, ಇಡೀ ಮೀನು ಸ್ಪಿರಿಟಿನಲ್ಲಿಟ್ಟು ಕಳಿಸಿ ಎಂದು ಉತ್ತರ ಬಂದಿತ್ತು. ಒಂದು ಇಡೀ ಎಳೆಗಾಗಿ ಆ ಹೆಣ್ಣುಮಗಳು ಎರಡು ವರ್ಷ ಬಕೆಟ್ಟು, ಬಲೆ ಹಿಡಿದು ಬಾವಿಯ ಕಟ್ಟೆಯ ಮೇಲೆ ಕೂತದ್ದನ್ನು ಡಾಕಪ್ಪ ಕಣ್ಣಾರೆ ನೋಡಿದ. ಎಳೆ ಸೆಲೆಯ ಬಾಯಿ ಬಿಟ್ಟು ಹೊರಗೆ ಬರುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ಹೇಳಲಿಲ್ಲ, ಅಷ್ಟೆ.

ಕೊನೆಗೆ ಅವನ ಬಾಯಿ ಬಿಡಿಸಿದ್ದು ಕೆಂಪು ಬಣ್ಣದ ಒಂದು ಗೆರೆ. ಹೆದ್ದಾರಿಗೆ ಸರ್ವಿಸ್ ರಸ್ತೆ ಮಾಡುವವರು ಬಂದು ಬಾವಿಯ ಕಟ್ಟೆಯ ಮೇಲೆ ಗುರುತು ಬಳಿದು ಹೋದರು. ಬಾವಿ ಮುಚ್ಚಿ ಮೇಲೆ ಡಾಂಬರು ಹಾಕುತ್ತಾರಂತೆ. ಡಾಕಪ್ಪ ಆ ಗೆರೆಯನ್ನು ಉಗುರಿನಿಂದ ಕೆರೆದು ನೋಡಿದ, ಹೋಗಲಿಲ್ಲ. ಅವತ್ತೇ ಅನೀಸನ ಫೋನಿನಿಂದ ಭುವನಾಳಿಗೆ ಮಾತಾಡಿದ.

"ಅಕ್ಕಾರ, ನಾ ನೋಡೇನ್ರಿ. ನಲವತ್ತು ವರ್ಷದಿಂದ ನೋಡಾಕತ್ತೇನಿ."

ಭುವನಾ ಕಚೇರಿಗಳಿಗೆ ಅಲೆದಳು. ಸಾಹೇಬರುಗಳಿಗೆ ಮೀನು ಎಂದರೆ ಸಾರಿನದು ಮಾತ್ರ ಗೊತ್ತು, ಕಣ್ಣಿಲ್ಲದ ಮೀನಿಗಾಗಿ ರಸ್ತೆ ನಿಲ್ಲಿಸಿ ಎಂದರೆ ನಗದೆ ಇರುತ್ತಾರೆಯೇ? ಆದರೂ ಅವಳು ಬಿಡಲಿಲ್ಲ. ಕಡೆಗೆ ಒಬ್ಬ ಸಾಹೇಬರು ಒಪ್ಪಿದರು. ಗುರುವಾರ ಮಧ್ಯಾಹ್ನ ತಾವೇ ಬರುತ್ತಾರೆ. ಜೀವಂತ ಒಂದನ್ನು ಕಣ್ಣಿಗೆ ತೋರಿಸಿದರೆ ಕೆಲಸ ನಿಲ್ಲಿಸುತ್ತಾರೆ. ತೋರಿಸದಿದ್ದರೆ ಶುಕ್ರವಾರ ಮಣ್ಣಿನ ಲಾರಿ ಬರುತ್ತದೆ.

"ನೀವು ಇಳದು ಒಂದ ಒಂದು ಹಿಡದು ತೋರಸ್ತೀರಿ?" ಎಂದು ಭುವನಾ ಕೇಳಿದಳು.

"ಒಂದ್ಯಾಕ್ರಿ, ನಾಲ್ಕು ತೋರಸ್ತೇನಿ. ಹ್ವಾದ ವರ್ಷ ಅನೀಸನ ಮೋಟರು ಎತ್ತಾಕ ಇಳದಾಗ ಸೆಲಿ ಬಾಯಾಗ ಏಳೆಂಟು ಇದ್ದುವು" ಎಂದ ಡಾಕಪ್ಪ. ಅಪ್ಪನ ನೇಮ ಮುರಿಯುವ ಅಂಜಿಕೆಯಿತ್ತು. ಆದರೆ ಬಾವಿಯೇ ಹೋದರೆ ನೇಮ ಯಾರಿಗೆ?

ಇನ್ನು ಮುಂದೆ ಆದದ್ದನ್ನು ಬರೆಯಲು ಕೈ ಬರುವುದಿಲ್ಲ. ಬರೆಯದೆ ಬಿಟ್ಟರೆ ಡಾಕಪ್ಪನ ಕಥೆ ಕಥೆಯಲ್ಲ.

ಸೋಮವಾರ ಸಂಜೆ ಅವನ ಹೆಂಡತಿ ಹೊಳಿಯವ್ವ ಮೆಣಸಿನಕಾಯಿ ತೊಟ್ಟು ಮುರಿಯುವ ಕೂಲಿಯಿಂದ ಬಂದು, ಉರಿಯುವ ಕೈಗೆ ಮಜ್ಜಿಗೆ ಸವರಿಕೊಳ್ಳುತ್ತಾ ಕೂತಿದ್ದಳು. ಸಾಹೇಬರು ಬರುವ ಸುದ್ದಿ ಕೇಳಿ ಅವಳೇ ಎತ್ತಿದಳು ಆ ಮಾತು.

"ಬಾವಿ ನೋಡೀಯೇನು? ಪಾಚಿ ಕಟ್ಟೇತಿ, ಬೇವಿನ ಎಲಿ ಕೊಳತಾವು. ದೊಡ್ಡ ಮಂದಿ ಬಂದು ಬಗ್ಗಿ ನೋಡಿದ್ರ ಏನಂದಾರು? ಇಂಥಾ ಹೊಲಸು ಬಾವಿ ಮುಚ್ಚೂದ ಚಲೋ ಅಂತಾರ."

ಡಾಕಪ್ಪನಿಗೆ ಮಾತು ನಾಟಿತು. ಬಾವಿ ತೊಳೆಯುವವನ ಬಾವಿಯೇ ಹೊಲಸಾಗಿದ್ದರೆ ಮರ್ಯಾದೆ ಉಳಿಯುತ್ತದೆಯೇ? ಮನೆಗೆ ಬೀಗರು ಬರುತ್ತಾರೆಂದರೆ ಅಂಗಳ ಸಾರಿಸದವರು ಯಾರಿದ್ದಾರೆ? ಮಂಗಳವಾರ ಹೊತ್ತು ಮೂಡುವ ಮೊದಲೇ ಕ್ರಾಸಿಗೆ ಹೋದ. ಅನೀಸನ ಕಡೆಯಿಂದ ದೊಡ್ಡ ಮೋಟರು ಹಚ್ಚಿಸಿ ನೀರೆಲ್ಲ ಎಳೆಸಿದ. ಬುಟ್ಟಿಗಟ್ಟಲೆ ಹೂಳು ಎತ್ತಿಸಿದ. ಕಲ್ಲು ಕಲ್ಲನ್ನೂ ನಾರಿನ ಬ್ರಷ್ಷಿನಿಂದ ಉಜ್ಜಿದ. ಸಂದಿಯಲ್ಲಿ ಬೇರು ಬಿಟ್ಟಿದ್ದ ಅರಳಿಯ ಸಸಿ ಕಿತ್ತ. ಕಟ್ಟೆಗೆ ಸುಣ್ಣ ಬಳಿದ. ಕೊನೆಗೆ, ತಾನು ಹದಿನೆಂಟು ವರ್ಷದಿಂದ ಪ್ರತಿ ಬಾವಿಗೂ ಮಾಡುತ್ತ ಬಂದ ಕೆಲಸವನ್ನೇ ಮಾಡಿದ. ಬ್ಲೀಚಿಂಗ್ ಪುಡಿಯ ಚೀಲ ಒಡೆದು, ಊರುತ್ತಿದ್ದ ನೀರಿಗೆ ಕಲಸಿ, ಸೆಲೆಯ ಬಾಯಿಗೂ ಎರಡು ಬೊಗಸೆ ಹೆಚ್ಚೇ ಹಾಕಿದ. ಇದು ತಾಯಿಯ ಬಾವಿ, ಕೈ ಬಿಗಿ ಹಿಡಿಯಬಾರದು ಎಂಬ ಭಕ್ತಿಯಿಂದ.

ಅಪ್ಪನ ಕಾಲದಲ್ಲಿ ಪುಡಿ ಇರಲಿಲ್ಲ. ಆಗ ಸುಣ್ಣ ಕಟ್ಟೆಗೆ ಮಾತ್ರ, ತಳದಲ್ಲಿ ಮೊಣಕಾಲುದ್ದ ನೀರು ಬಿಡಲೇಬೇಕು. ಪುಡಿ ಬಂದ ಮೇಲೆ ಜನಕ್ಕೆ ಆ ಘಾಟು ಬಂದರೇ ಬಾವಿ ತೊಳೆದಂತೆ, ಇಲ್ಲವಾದರೆ ಡಾಕಪ್ಪ ಮೈಗಳ್ಳ. ಹಾಗಾಗಿ ಹಾಕುತ್ತ ಬಂದ. ಬೇವಿನಕಟ್ಟಿ ಬಾವಿಯ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ, ಹೀಗಾಗಿ ಅದನ್ನು ತೊಳೆಯಿರಿ ಎಂದು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ.

ಬುಧವಾರ ಬೆಳಿಗ್ಗೆ ಭುವನಾ ತಯಾರಿ ನೋಡಲು ಬಂದಳು. ಡಾಕಪ್ಪ ಹೊಸ ಪಂಚೆ ಉಟ್ಟು ಕಟ್ಟೆಯ ಮೇಲೆ ನಿಂತಿದ್ದ.

"ಬರ್ರಿ ಅಕ್ಕಾರ, ನೋಡ್ರಿ, ತಳಾ ಕಾಣತೈತಿ!"

ಅವಳು ಹತ್ತು ಹೆಜ್ಜೆ ದೂರದಲ್ಲೇ ನಿಂತುಬಿಟ್ಟಳು. ಘಾಟು ಅಲ್ಲಿಗೇ ಬಡಿಯುತ್ತಿತ್ತು.

"ಡಾಕಪ್ಪಾರ, ಬಾವಿಗೆ ಏನ್ ಹಾಕೀರಿ?"

"ಪುಡಿ ರೀ. ಭಾಳ ಚಲೋ ತೊಳದೇನಿ."

ಭುವನಾ ಕಟ್ಟೆ ಹಿಡಿದು ಕೂತಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ಡಾಕಪ್ಪ ಈಗಲೂ ಅನ್ನುತ್ತಾನೆ. "ಅದು ಮೀನಿನ ಕಿವಿರು ಸುಡತೈತ್ರಿ. ನಾ ಹೇಳಬೇಕಾಗಿತ್ತು. ನಂದ ತಪ್ಪು, ನಾ ಹೇಳಲೇ ಇಲ್ಲ" ಎಂದು ಅದನ್ನೇ ಎರಡು ಮೂರು ಸಲ ಅಂದಳು.

ಡಾಕಪ್ಪನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಹೊಸ ಪಂಚೆಯಲ್ಲೇ, ಹಗ್ಗವನ್ನೂ ಕಟ್ಟಿಕೊಳ್ಳದೆ ಕಲ್ಲು ಹಿಡಿದು ಇಳಿದ. ನೀರು ಎದೆಮಟ್ಟ ಊರಿತ್ತು. ಮೂಡಣ ಗೋಡೆಯ ಸೆಲೆಯ ಬಾಯಿಗೆ ಕೈ ಹಾಕಿದ. ಬೆರಳಿಗೆ ಮೆತ್ತಗಿನದೇನೋ ತಾಗಿತು. ಹೊರಗೆ ತೆಗೆದ. ಕೆಂಪು ಹೋಗಿ, ಬೇಯಿಸಿದ ಶಾವಿಗೆಯಂತೆ ಬೆಳ್ಳಗಾದ ಒಂದು ಎಳೆ. ಮತ್ತೆ ಕೈ ಹಾಕಿದ, ಇನ್ನೊಂದು. ಮತ್ತೆ, ಇನ್ನೊಂದು. ಒಟ್ಟು ಏಳು. ಒಂದೂ ಮಿಸುಕಲಿಲ್ಲ. ಭುವನಾ ಮೇಲಿನಿಂದ ಡಬ್ಬಿ ಇಳಿಸಿ ಅವನ್ನು ಎಳೆದುಕೊಂಡಳು. ನಿನ್ನೆಯೇ ಸತ್ತವು, ಮುಟ್ಟಿದರೆ ಕಿತ್ತುಬರುತ್ತಿದ್ದವು. ಸಾಹೇಬರಿಗೂ ಆಗವು, ಶಾಸ್ತ್ರಕ್ಕೂ ಆಗವು.

ಬಾವಿಯ ನಡುವೆ ನಿಂತ ಡಾಕಪ್ಪನಿಗೆ ಆಗ ಹೊಳೆದದ್ದು ಈ ಏಳರ ಮಾತಲ್ಲ. ಪುಡಿ ಹಾಕಲು ಶುರುಮಾಡಿದ ಮೇಲೆ ಬೇರೆ ಬಾವಿಗಳಲ್ಲಿ ತಾನು ಎಳೆಯನ್ನು ಕಂಡದ್ದು ಯಾವಾಗ? ಪ್ರತಿ ವರ್ಷ ಇಳಿದಿದ್ದ, ಕಣ್ಣಿಗೆ ನೀರು ಹಚ್ಚಿಕೊಂಡಿದ್ದ, ನಾ ನೋಡಿಲ್ಲ ತಾಯಿ ಎಂದಿದ್ದ. ಖರೇನೇ ನೋಡಿರಲಿಲ್ಲ. ನೇಮದ ಮಾತು ಎಂದೋ ನಿಜದ ಮಾತಾಗಿತ್ತು, ಅಂದವನಿಗೇ ಅದು ತಿಳಿದಿರಲಿಲ್ಲ. ಸೆಲೆ ಬತ್ತಿದಲ್ಲೆಲ್ಲ ಬೋರಿನಿಂದ ತಾಯಿ ಮುನಿದಿದ್ದಾಳೆ ಎಂದು ಊರ ಜನರನ್ನು ಬೈದುಕೊಂಡು ತಿರುಗಿದ್ದ. ಎಳೆ ಇದ್ದ ಹದಿನಾಲ್ಕು ಬಾವಿ. ಒಂದೊಂದಕ್ಕೂ ತನ್ನ ಕೈಯಾರೆ ಪುಡಿ ಕಲಸಿದ್ದ. ಗೋಡೆಗೆ ಹಣೆ ಹಚ್ಚಿ ಗಳಗಳ ಅತ್ತ. ಮೇಲಿದ್ದವರು ಪುಡಿಯ ಘಾಟಿಗೆ ಕೆಮ್ಮುತ್ತಿದ್ದಾನೆ ಎಂದುಕೊಂಡರು.

ಅವತ್ತೆಲ್ಲ ಮೋಟರು ಹಚ್ಚಿ ವಿಷದ ನೀರು ಎಳೆದರು. ಊರಿದಷ್ಟೂ ಎಳೆದರು. ಅನೀಸ ಅಂಗಡಿ ಮುಚ್ಚಿ ಮೋಟರಿನ ಹತ್ತಿರವೇ ಕೂತ. ಗುರುವಾರ ಬೆಳಿಗ್ಗೆ ಡಾಕಪ್ಪ ಮತ್ತೆ ಇಳಿದ. ಸೆಲೆಯ ಬಾಯಿ ಮೊಣಕೈವರೆಗೆ ಮಾತ್ರ ಕೈ ಹಿಡಿಸುತ್ತಿತ್ತು. ಸಣ್ಣ ಉಳಿಯಿಂದ ಕಲ್ಲು ಕೆತ್ತಿ ಅದನ್ನು ಭುಜದವರೆಗೆ ಹಿಗ್ಗಿಸಿದ. ಬೆರಳ ತುದಿಯ ತೊಗಲು ಸುಲಿದು ರಕ್ತ ಬಂತು. "ಮ್ಯಾಲೆ ಬರ್ರಿ ಡಾಕಪ್ಪಾರ, ಸಾಕು" ಎಂದು ಭುವನಾ ಕೂಗಿದಳು. ಅವನು ಕಿವುಡನಂತೆ ಕೈ ಆಡಿಸುತ್ತಲೇ ಇದ್ದ. ಒಂದ ಒಂದು ತಾಯಿ, ಒಂದ ಒಂದು ಉಳಸು ಎಂದು ಬೇಡುತ್ತಿದ್ದ. ಹರಕೆ ಹೊರಲು ಹೋದ, ಯಾವ ಬಾಯಿಂದ ಹೊರುವುದೆಂದು ಸುಮ್ಮನಾದ.

ಮಧ್ಯಾಹ್ನ ಜೀಪು ಬಂತು. ಸಾಹೇಬರು ಇಳಿದು ಬಾವಿಗೆ ಬಗ್ಗಿ ನೋಡಿದರು.

"ಭಾಳ ಸ್ವಚ್ಛ ಇಟ್ಟೀರಲ್ಲ" ಎಂದರು. ಹೊಳಿಯವ್ವ ಅಲ್ಲೇ ಬೇವಿನ ಬುಡದಲ್ಲಿ ನಿಂತಿದ್ದಳು. ಮೂರು ದಿನದ ಹಿಂದಾಗಿದ್ದರೆ ಈ ಮಾತಿಗೆ ಹಿಗ್ಗುತ್ತಿದ್ದಳು. ಈಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಎಲ್ಲಿ ನಿಮ್ಮ ಮೀನು?" ಸಾಹೇಬರು ಗಡಿಯಾರ ನೋಡಿಕೊಂಡರು.

ಭುವನಾ ಏನೋ ಹೇಳಲು ಬಾಯಿ ತೆರೆದಳು. ಆಗಲೇ ಕೆಳಗೆ ಡಾಕಪ್ಪನ ಬೆರಳ ಸಂದಿಯಲ್ಲಿ ಏನೋ ಮಿಸುಕಿತು. ಭುಜದವರೆಗೆ ಸೆಲೆಯೊಳಗೆ ತೂರಿದ್ದ ಕೈಯನ್ನು ಉಸಿರು ಬಿಗಿಹಿಡಿದು ಹೊರಗೆಳೆದ. ಬೊಗಸೆಯಲ್ಲಿ ಒಂದು ಎಳೆ. ಇನ್ನೂ ಕೆಂಪಗಿತ್ತು, ಆದರೆ ಒಮ್ಮೆ ಮಗ್ಗುಲಾಗಿ ಒಮ್ಮೆ ನೆಟ್ಟಗಾಗಿ ತೂಗಾಡುತ್ತಿತ್ತು. ನಲವತ್ತು ವರ್ಷದಲ್ಲಿ ಅದನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು ಅವನು ನೋಡಿರಲಿಲ್ಲ. ಬಾಲದ ತುದಿಯಲ್ಲಿ ಒಂದು ಬಿಳಿ ಚುಕ್ಕೆ ಇತ್ತು. ಇಷ್ಟು ವರ್ಷ ಅದೂ ಅವನಿಗೆ ಗೊತ್ತಿರಲಿಲ್ಲ.

ತಂಬಿಗೆಯಲ್ಲಿ ಅದನ್ನು ಮೇಲೆ ಕಳಿಸಿ, ಹಿಂದೆಯೇ ತಾನೂ ಹತ್ತಿಬಂದ. ಸಾಹೇಬರು ಕನ್ನಡಕ ಏರಿಸಿ ನೋಡಿದರು. "ಇಷ್ಟ ಏನು?" ಎಂದರು. ಫೋಟೊ ಹೊಡೆಸಿದರು. ಆದರೆ ಮಾತಿಗೆ ತಪ್ಪಲಿಲ್ಲ, ಆ ಮಟ್ಟಿಗೆ ಒಳ್ಳೆಯ ಮನುಷ್ಯ. ಅಲ್ಲಿಂದಲೇ ಫೋನು ಮಾಡಿ ಲಾರಿ ಬರುವುದು ಬೇಡ ಎಂದು ಹೇಳಿ ಜೀಪು ಹತ್ತಿದರು.

ಬಾವಿ ಉಳಿಯಿತು. ಯಾರಿಗೂ ನಗು ಬರಲಿಲ್ಲ.

ಭುವನಾಳ ಕೈಯಲ್ಲಿ ಸ್ಪಿರಿಟಿನ ಬಾಟಲಿ ಇತ್ತು, ಮುಚ್ಚಳ ತೆರೆದು ಹಾಗೆಯೇ ಹಿಡಿದಿದ್ದಳು.

"ಬ್ಯಾರೇ ನೀರಿನಾಗ ಬಿಟ್ರ ಬದಕತೈತೇನ್ರಿ?" ಎಂದು ಡಾಕಪ್ಪ ಕೇಳಿದ.

"ಬದಕಂಗಿಲ್ಲ. ಕಿವಿರು ಸುಟ್ಟಾವು. ಬಹಳಂದ್ರ ಅರ್ಧ ತಾಸು." ಅವಳು ಕಣ್ಣೊರೆಸಿಕೊಂಡಳು. "ತಾನ ಸಾಯೋತನಕ ಕಾದ್ರ ಸುಟ್ಟ ತೊಗಲು ಕಿತ್ತು ಇದೂ ಕೆಡತೈತಿ. ಈಗ ಹಾಕಿದ್ರ ಜಗತ್ತಿನಾಗ ಇಂಥದ್ದೊಂದು ಇತ್ತು ಅಂತನಾದ್ರೂ ಆಗತೈತಿ. ದೇಹ ಇಲ್ದ ಹೆಸರು ಕೊಡೂದಿಲ್ರಿ. ಆದ್ರ ನನ್ನ ಕೈಲೆ ಆಗವಲ್ದು."

ಡಾಕಪ್ಪ ತಂಬಿಗೆಯೊಳಗೆ ಕೈ ಅದ್ದಿ ಎಳೆಯನ್ನು ಬೊಗಸೆಗೆ ತೆಗೆದುಕೊಂಡ. ಅದು ಅವನ ಸುಲಿದ ಬೆರಳಿಗೆ ಮೂತಿ ತಾಗಿಸಿ ತಡಕಾಡಿತು. ತಂಬಿಗೆಯ ನೀರನ್ನು ಕಣ್ಣಿಗೆ ಹಚ್ಚಿಕೊಂಡು, "ನಾ ನೋಡೇನಿ ತಾಯಿ" ಎಂದ. ಬೊಗಸೆಯನ್ನು ಬಾಟಲಿಯ ಬಾಯಿಗೆ ಬಗ್ಗಿಸಿದ. ಹೊಳಿಯವ್ವ ಮುಖ ಆಚೆ ತಿರುಗಿಸಿಕೊಂಡಳು.

ಇದಾಗಿ ಹನ್ನೊಂದು ತಿಂಗಳು. ಬಾವಿಗೆ ಈಗ ತಂತಿಯ ಬಲೆ ಬಂದಿದೆ, ಅಪರೂಪದ ಜೀವಿಯ ನೆಲೆ ಎಂಬ ಬೋರ್ಡು ಬಂದಿದೆ. ಡಾಕಪ್ಪ ಪ್ರತಿ ಸೋಮವಾರ ಹೋಗಿ ತೆಳು ಬಟ್ಟೆಯ ಬಲೆಯನ್ನು ಸೆಲೆಯ ಬಾಯಿಗೆ ಇಳಿಬಿಟ್ಟು ಸಂಜೆ ಎತ್ತುತ್ತಾನೆ. ಒಂದು ಸಲ ಬೇವಿನ ಹೂವು ಬಂದಿತ್ತು. ಸಿಕ್ಕೇತೇನು ಎಂದು ಅನೀಸ ಕೇಳುವುದನ್ನೂ ಬಿಟ್ಟಿದ್ದಾನೆ. ಪುಡಿ ಹಾಕುವ ಕೆಲಸಕ್ಕೆ ಕರೆದರೆ ಡಾಕಪ್ಪ ಹೋಗುವುದಿಲ್ಲ, ಹೋಗುವವರ ಮನೆಗೆ ಹೋಗಿ ಹಾಕಬೇಡಿ ಎಂದು ಕೈಮುಗಿಯುತ್ತಾನೆ. ಅವರು ಮುದುಕನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ.

ಹೋದ ವಾರ ಭುವನಾ ಅವನನ್ನು ಹಾವೇರಿಗೆ ಕರೆಸಿಕೊಂಡಳು. ಕಾಲೇಜಿನ ಕೋಣೆಯಲ್ಲಿ ಕುರ್ಚಿ ಹಾಕಿ ಕೂರಿಸಿ, ಚಹಾ ಕೊಟ್ಟು, ಅಚ್ಚಾಗಿ ಬಂದ ಹಾಳೆಗಳನ್ನು ಮುಂದಿಟ್ಟಳು. ಪಕ್ಕದ ಕಪಾಟಿನಲ್ಲಿ ಆ ಬಾಟಲಿ ಇತ್ತು. ಎಳೆ ಬೆಳ್ಳಗಾಗಿತ್ತು, ಬಾಲದ ಚುಕ್ಕೆ ಕಾಣುತ್ತಿರಲಿಲ್ಲ.

"ಎಲ್ಲಾರೂ ಒಪ್ಪಿದ್ರು ಡಾಕಪ್ಪಾರ. ಹೊಸಾ ಜೀವಿ ಅಂತ ಖಾತ್ರಿ ಆತು. ಹೆಸರಿನಾಗ ನಿಮ್ಮ ಹೆಸರ ಸೇರಿಸೇನಿ. ನೋಡ್ರಿ ಇಲ್ಲಿ, ಡಾಕಪ್ಪೈ, ಅಂದ್ರ ಡಾಕಪ್ಪಾರದು."

ಅವಳು ಗೌರವದಿಂದಲೇ ಇಟ್ಟಿದ್ದಳು. ಡಾಕಪ್ಪ ಆ ಅಕ್ಷರಗಳ ಮೇಲೆ ಬೆರಳಿಟ್ಟ.

"ಇದು ಎಲ್ಲೆಲ್ಲಿ ಐತಿ ಅಂತ ಬರದೀರಿ ಅಕ್ಕಾರ?"

"ಬೇವಿನಕಟ್ಟಿ ಬಾವಿ ಒಂದ. ಬ್ಯಾರೇ ಎಲ್ಲೂ ಯಾರೂ ನೋಡಿಲ್ಲಲ್ರಿ."

"ನಾ ನೋಡೇನ್ರಿ. ಬರಕೋರಿ." ಅವನ ಮಾತು ಅವತ್ತು ತಡವರಿಸಲಿಲ್ಲ. "ರಾಣೆಬೆನ್ನೂರಿನ ಹತ್ತೀಮಿಲ್ಲಿನ ಹಿಂದಿನ ಬಾವಿ. ಅಲ್ಲಿ ಐದಾರು ಇದ್ದುವು. ದೇವರಗುಡ್ಡದ ಹಾದ್ಯಾಗಿನ ಕುರುಬರ ಬಾವಿ. ಅಲ್ಲಿ ಭಾಳ ಇದ್ದುವು, ಸೆಲಿಗೆ ಕಾಲಿಟ್ರ ತಾಗತಿದ್ದುವು. ಬ್ಯಾಡಗಿ ಸಂತಿ ಮಾಳದ ಬಾವಿ, ನಮ್ಮಪ್ಪ ಹಗ್ಗ ಹಿಡದಾಗ ಅದರಾಗ ನಾ ಮೊದಲ ನೋಡಿದ್ದೆ..."

ಭುವನಾ ಪೆನ್ನು ತೆಗೆದುಕೊಂಡಳು. ಅವನು ಒಂದೊಂದೇ ಬಾವಿಯ ಹೆಸರು ಹೇಳಿದ. ಮೊದಲು ಕಂಡ ವರ್ಷ ಹೇಳಿದ, ಕೊನೆಗೆ ಕಂಡ ವರ್ಷ ಹೇಳಿದ, ತಾನು ಪುಡಿ ಹಾಕಿದ ವರ್ಷ ಹೇಳಿದ. ಪ್ರತಿ ಬಾವಿಯಲ್ಲೂ ಕೊನೆಗೆ ಕಂಡ ವರ್ಷವೂ ಪುಡಿ ಹಾಕಿದ ವರ್ಷವೂ ಒಂದೇ ಆಗಿದ್ದವು. ಹದಿನಾಲ್ಕೂ ಮುಗಿಯುವ ಹೊತ್ತಿಗೆ ಭುವನಾಳ ಪೆನ್ನು ನಿಂತಿತ್ತು.

"ಪುಡಿ ಯಾರ ಹಾಕಿದ್ರು ಅಂತನೂ ಬರೀರಿ" ಎಂದ ಡಾಕಪ್ಪ. "ಹೆಸರು ಬ್ಯಾರೇ ಹುಡುಕಬ್ಯಾಡ್ರಿ. ಮ್ಯಾಲೆ ಬರದದ್ದ ಕೆಳಗೂ ಬರೀರಿ."